ಗೆರೆಯಿಲ್ಲದ ಚುಕ್ಕೆ

ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ತಲೆ ನೆರೆಯುವ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಕೈಹಾಕಿದವಳು. ಸುಸ್ಥಿರ ಅಭಿವೃದ್ಧಿಯ ಬಗ್ಗೆ ಜಗತ್ತಿನಲ್ಲಿ ಯಾರು ಏನು ಬರೆಯುತ್ತಿದ್ದಾರೆ, ಸಂಶೋಧನೆಯ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನಕ್ಷೆ ಮಾಡುವುದು ನನ್ನ ವಿಷಯ. ಹೆಸರು ಕೇಳಿದಷ್ಟು ಘನವಾದ ಕೆಲಸವೇನಲ್ಲ. ಪ್ರಬಂಧಗಳ ವಿವರ ತುಂಬಿದರೆ ಕಂಪ್ಯೂಟರೇ ಪರದೆಯ ತುಂಬ ಬಣ್ಣದ ಚುಕ್ಕೆ ಹರಡುತ್ತದೆ. ಹೆಚ್ಚು ಜನ ಉಲ್ಲೇಖಿಸಿದ ಪ್ರಬಂಧಕ್ಕೆ ದೊಡ್ಡ ಚುಕ್ಕೆ. ವಿಷಯ ಒಂದೇ ಥರದ್ದಾದರೆ ಚುಕ್ಕೆಗಳು ಹತ್ತಿರ ಹತ್ತಿರ. ಒಬ್ಬರು ಇನ್ನೊಬ್ಬರನ್ನು ಉಲ್ಲೇಖಿಸಿದರೆ ನಡುವೆ ಒಂದು ಗೆರೆ. ಯಾರೂ ಉಲ್ಲೇಖಿಸದವರನ್ನು ಮೊದಲೇ ಸೋಸಿ ಪಕ್ಕಕ್ಕೆ ಹಾಕುತ್ತದೆ.

ಇದನ್ನು ಫೋನಿನಲ್ಲಿ ನಮ್ಮ ಮೇಷ್ಟ್ರಿಗೆ ಹೇಳಿದ್ದೇ ತಡ, "ಹಂಗಾದ್ರೆ ಅದ್ರಾಗೆ ನಾನೆಲ್ಲಿದೀನಿ ನೋಡಮ್ಮ. ಭಾನುವಾರ ಬಂದು ತೋರ್ಸು" ಎಂದರು.

ಮೇಷ್ಟ್ರು ಯಲ್ಲದಕೆರೆ ಕಡೆಯ ಕುರಿ ಸಾಕುವ ಮನೆಯವರು. ನನಗೆ ಮಣ್ಣಿನ ವಿಜ್ಞಾನ ಕಲಿಸಿದವರು, ಈಗ ನಿವೃತ್ತರಾಗಿ ಹಿರಿಯೂರಿನಲ್ಲಿದ್ದಾರೆ. ನಮ್ಮ ಕಡೆ ಕೊಯ್ಲಾದ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಾರೆ. ದಿನಕ್ಕೊಂದು ಜಾಗದಂತೆ ಸರಿಸುತ್ತ ಹೋದರೆ ಇಡೀ ಹೊಲಕ್ಕೆ ಗೊಬ್ಬರ. ಆ ಹಿಕ್ಕೆ, ಗಂಜಲದಿಂದ ಮಣ್ಣಿಗೆ ಏನು ದಕ್ಕುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬ ಒಂದೇ ಪ್ರಶ್ನೆಯ ಹಿಂದೆ ಅವರ ಉದ್ಯೋಗದ ಕಾಲವೆಲ್ಲ ಕಳೆಯಿತು. ಬರೆದದ್ದು ಕನ್ನಡದಲ್ಲಿ. ಹೊಲದವರೂ ಕುರಿಯವರೂ ಓದಲಾಗದ್ದನ್ನು ಯಾಕೆ ಬರೆಯಬೇಕು ಎಂಬುದು ಅವರ ಹಟ. ಬಡ್ತಿ ಕೈತಪ್ಪುತ್ತದೆ ಎಂದು ಸಹೋದ್ಯೋಗಿಗಳು ಗೋಗರೆದಾಗ ಒಂದೇ ಒಂದು ಪ್ರಬಂಧ ಇಂಗ್ಲಿಷಿನಲ್ಲಿ ಬರೆದರು. ಆಮೇಲೆ ಜಪ್ಪಯ್ಯ ಅಂದರೂ ಬರೆಯಲಿಲ್ಲ.

ನಾನು ಹುಡುಕಿದೆ. ಹವಾಮಾನ ಬದಲಾವಣೆ, ಇಂಗಾಲ, ಹಸಿರು ಹೂಡಿಕೆ ಎಂದು ಮಧ್ಯದಲ್ಲಿ ದೊಡ್ಡ ದೊಡ್ಡ ಚುಕ್ಕೆಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಮೇಷ್ಟ್ರು ಎಲ್ಲೂ ಇರಲಿಲ್ಲ. ಕನ್ನಡದ ಬರಹಗಳು ಆ ದತ್ತಾಂಶದೊಳಗೆ ಕಾಲಿಡುವುದೇ ಇಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಉರಿದುಹೋಯಿತು. ಸೋಸುವುದನ್ನು ಪೂರ್ತಿ ನಿಲ್ಲಿಸಿ ಮತ್ತೊಂದು ನಕ್ಷೆ ಮಾಡಿಸಿದೆ. ಆಗ ಅವರ ಇಂಗ್ಲಿಷ್ ಪ್ರಬಂಧ ಒಂದು ಮೂಲೆಯಲ್ಲಿ ಕಂಡಿತು. ಸಾಸಿವೆಯಷ್ಟು ಚುಕ್ಕೆ, ಅದಕ್ಕೆ ಒಂದು ಗೆರೆಯೂ ಇಲ್ಲ.

ಹಿರಿಯೂರಿನ ಬಸ್ಸಿನಲ್ಲಿ ಕೂತು, ಚುಕ್ಕೆಯನ್ನು ಸ್ವಲ್ಪ ದೊಡ್ಡದು ಮಾಡಿಬಿಡಲೇ ಎಂದುಕೊಂಡೆ. ಮೇಷ್ಟ್ರು ಅಂಕಿ ತಿದ್ದಿದ ವಿದ್ಯಾರ್ಥಿಯನ್ನು ಲ್ಯಾಬಿನಿಂದ ಆಚೆ ಕಳಿಸಿದವರು. ನನಗೆ ಧೈರ್ಯ ಸಾಲಲಿಲ್ಲ.

ಬಾಗಿಲು ತೆಗೆದ ಅವರ ಹೆಂಡತಿ, "ಬಾರಮ್ಮ, ಕುಂತ್ಕ. ಬೆಳಿಗ್ಗಿಂದ ಇಸ್ತ್ರಿ ಅಂಗಿ ಹಾಕ್ಕಂಡು ಕುಂತವ್ರೆ, ಹೆಣ್ಣು ನೋಡಾಕೆ ಹೊಂಟಂಗೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲನೆಯ ನಕ್ಷೆ ನೋಡಿದರು.

"ಇದೇನಮ್ಮ, ಮಂದೆಯೆಲ್ಲಾ ಒಂದೇ ಕಡೆ ಮಲಗೈತೆ? ಮಿಕ್ಕಿದ ಹೊಲದ ಗತಿಯೇನು?" ಎಂದು ತಮಾಷೆ ಮಾಡಿದರು. ಆದರೆ ಬೆರಳು ಚುಕ್ಕೆಯಿಂದ ಚುಕ್ಕೆಗೆ ಹೋಗುತ್ತಲೇ ಇತ್ತು.

"ನೀವು ಇದರಲ್ಲಿಲ್ಲ ಸರ್" ಎಂದೆ.

"ಕನ್ನಡದಾಗೆ ಬರೆದಿದ್ದು ಇದಕ್ಕೆ ಕಾಣಲ್ವಾ?"

"ಕಾಣಲ್ಲ ಸರ್."

ಎರಡನೆಯ ನಕ್ಷೆ ತೆರೆದು ಮೂಲೆಯ ಚುಕ್ಕೆ ತೋರಿಸಿದೆ. ಅವರ ಹೆಂಡತಿ ಬಗ್ಗಿ ನೋಡಿ, ಮಜ್ಜಿಗೆ ತರಲು ಒಳಗೆ ಹೋದರು. ಮೇಷ್ಟ್ರ ಮುಖ ಸಣ್ಣದಾಯಿತು. ಆ ಮುಖ ನೋಡಿ, ನನ್ನ ಪಿಎಚ್.ಡಿ.ಯ ಮೇಲೇ ನನಗೆ ಹೇಸಿಗೆಯಾಯಿತು.

ಅವರು ಪರದೆಯ ಹತ್ತಿರಕ್ಕೆ ಬಗ್ಗಿ, "ಈ ಪಕ್ಕದ್ದು ಯಾರು?" ಎಂದರು. ಅವರ ಚುಕ್ಕೆಯ ಹತ್ತಿರವೇ ಇನ್ನೊಂದು ಒಂಟಿ ಚುಕ್ಕೆಯಿತ್ತು. ತೆರೆದು ಓದಿದೆ. ಆಫ್ರಿಕಾದ ಒಣಸೀಮೆಯ ಹೆಣ್ಣುಮಗಳೊಬ್ಬಳ ಪ್ರಬಂಧ. ಅಲ್ಲಿನವರು ಸಜ್ಜೆಯ ಹೊಲದಲ್ಲಿ ಮೇಕೆ ಹಿಂಡು ನಿಲ್ಲಿಸಿದರೆ ಮಣ್ಣು ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ಬರೆದಿದ್ದಳು.

"ಅಯ್ಯೋ, ನಮ್ಮಂಗೇ ಮಾಡ್ತಾರಲ್ಲಮ್ಮ ಇವರು!" ಮೇಷ್ಟ್ರು ಕುರ್ಚಿ ಮುಂದಕ್ಕೆಳೆದುಕೊಂಡರು. ಪೂರ್ತಿ ಓದಿಸಿದರು. ಅಲ್ಲಲ್ಲಿ ನಿಲ್ಲಿಸಿ, "ಕೆಂಪು ಮಣ್ಣಿನಾಗೆ ನಂಗೂ ಹಿಂಗೇ ಬಂದಿತ್ತು" ಎಂದರು. ಕೊನೆಗೆ ಕೇಳಿದರು, "ಗೆರೆ ಹೆಂಗೆ ಬರ್ತೈತೆ?"

"ಯಾರಾದರೂ ತಮ್ಮ ಪ್ರಬಂಧದಲ್ಲಿ ಹೆಸರಿಸಬೇಕು ಸರ್."

"ಈಯಮ್ಮನ್ನ ಯಾರೂ ಹೆಸರಿಸಿಲ್ಲ?"

"ಇಲ್ಲ."

ಎದ್ದು ಹೋಗಿ ಹಾಳೆ, ಪೆನ್ನು ತಂದರು. "ನಂದು ಹೋಗ್ಲಿ ಬಿಡು. ನಮ್ಮ ಹೊಲದಾಗೆ ಕಂಡಿದ್ದು ಹೇಳಿ, ಈಕೆ ಹೆಸರು ಹಾಕಿ ಒಂದು ಬರೀತೀನಿ. ಪಾಪ, ಆಯಮ್ಮಂಗೆ ಒಂದು ಗೆರೆಯಾದ್ರೂ ಬರ್ಲಿ."

ಒಂದು ಸಾಲು ಕನ್ನಡದಲ್ಲಿ ಬರೆದರು. ಪೆನ್ನು ನಿಂತಿತು. ಆ ಸಾಲನ್ನು ಹೊಡೆದುಹಾಕಿ ಹಾಳೆಯನ್ನು ನನ್ನ ಕಡೆ ತಳ್ಳಿದರು.

"ಇಂಗ್ಲಿಷ್‌ನಾಗೆ ಬರೆದ್ರೇ ತಾನೇ ಗೆರೆ ಕಾಣಾದು? ನಾನು ಹೇಳ್ತೀನಿ, ನೀನು ಬರ್ಕ."

ನಾನು ಬರೆದುಕೊಂಡೆ. ಕಣ್ಣು ಮಂಜಾಗಿ ಮೊದಲ ವಾಕ್ಯವೇ ಎಡವಟ್ಟಾಯಿತು. ಮೇಷ್ಟ್ರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಅದನ್ನು ತಿದ್ದಿದರು. ಇಂಗ್ಲಿಷ್ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.