ದಮ್ಮು ಹತ್ತುವ ದೋಣಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದೋಣಿ ನೀಲಿ ಇತ್ತು ಎಂದು ನಾನು ಹೇಳುತ್ತೇನೆ, ಕಾಕಾ ಹಸಿರು ಎನ್ನುತ್ತಾರೆ. ಹೋಗಿ ನೋಡೋಣವೆಂದರೆ ಈಗ ಅದಕ್ಕೆ ಬಿಳಿ ಬಣ್ಣ ಬಳಿದಾಗಿದೆ. ಮಹಿಳಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡವರ ಮಾತನ್ನೂ ಪೂರ್ತಿ ನಂಬಬಾರದೆಂದು ಕಲಿತಿದ್ದೆ. ಆ ಸಾಲಿಗೆ ನಾನೂ ಸೇರುತ್ತೇನೆಂದು ಆಗ ಹೊಳೆದಿರಲಿಲ್ಲ. ನಡೆದ ದಿನದ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: ‘ದೋಣಿ ದಾಟಿತು. ಭಜ್ಜಿ ರುಚಿಯಾಗಿತ್ತು.’

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಹೊನವಾಡದಲ್ಲಿ ಅವರ ದ್ರಾಕ್ಷಿ ತೋಟ. ಒಂದು ವರ್ಷ ಒಣದ್ರಾಕ್ಷಿ ಮಾರಲು ಮಹಾರಾಷ್ಟ್ರದ ಕಡೆ ಹೋದವರು, ಅಲ್ಲಿ ಮುಚ್ಚಿಹೋಗುತ್ತಿದ್ದ ಕೆರೆದಂಡೆಯ ಹೋಟೆಲೊಂದರಿಂದ ಹಳೆಯ ಮೋಟಾರ್ ದೋಣಿ ಕೊಂಡು ಟ್ರಕ್ಕಿನಲ್ಲಿ ಹೇರಿಸಿಕೊಂಡು ಬಂದರು. ಆರು ಜನ ಕೂಡಬಹುದಾದ ಫೈಬರ್ ದೋಣಿ. ಹಿಂದೆ ತೂಗುಹಾಕಿದ ಇಂಜಿನ್. ಕಾಲ ಬಳಿ ಇಡುವ ಕೆಂಪು ಪೆಟ್ರೋಲ್ ಡಬ್ಬಿ, ಅದರಿಂದ ಇಂಜಿನ್ನಿಗೆ ಒಂದು ರಬ್ಬರ್ ಪೈಪು, ಪೈಪಿನ ನಡುವೆ ಹಿಚುಕಿ ಪೆಟ್ರೋಲ್ ಎಳೆಯಲು ನಿಂಬೆಹಣ್ಣಿನ ಆಕಾರದ ರಬ್ಬರ್ ಚೆಂಡು.

ಕಾಕಾನ ಹೆಂಡತಿ, ನಮ್ಮ ಕಾಕು, ಬಾಗಿಲಲ್ಲೇ ನಿಂತು ನೋಡಿದರು. “ಎಲ್ಲಿ ಓಡಸ್ತೀರಿ ಇದನ್ನ? ಕೃಷಿ ಹೊಂಡದಾಗ ಗಾಣಾ ತಿರುಗಿಸಿದಂಗ ತಿರುಗಸ್ತೀರೇನ?”

“ನಿಡೋಣಿ ಕಡೆ ನಿನ್ನ ತವರಮನಿ ಹೊಲದ ಬಾಜೂಕ ಕೆರಿ ತುಂಬೇತೆಲ್ಲ ಬೇ, ಅಲ್ಲೇ,” ಎಂದರು ಕಾಕಾ.

ಕಾಲುವೆ ನೀರು ಬಂದ ಮೇಲೆ ಆ ಕೆರೆ ನಿಜಕ್ಕೂ ತುಂಬಿತ್ತು. ಕಾಕುವಿನ ತವರಿನ ಹೊಲ ಇದ್ದದ್ದು ಆಚೆ ದಂಡೆಯಲ್ಲಿ. ದೋಣಿ ಇಳಿಸಲು ಅನುಕೂಲ ಇದ್ದದ್ದು ಈಚೆ ದಂಡೆಯಲ್ಲಿ. ಕಾಕಾಗಾಗಲಿ ಕಾಕುಗಾಗಲಿ ಈಜು ಬರುವುದಿಲ್ಲ. ದೋಣಿಯ ಜೊತೆ ಬಂದಿದ್ದ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಕಾಕಾ ಕನ್ನಡಿಯ ಮುಂದೆ ನಿಂತಾಗ, ಕಾಕು ನಗಲಿಲ್ಲ ಎಂದು ನನಗೆ ನೆನಪು.

ಪೂಜೆ ಮಾತ್ರ ಅವರೇ ಮಾಡಿದರು. ಟ್ರ್ಯಾಕ್ಟರ್ ಇರಲಿ, ಬೈಕ್ ಇರಲಿ, ಅವರ ಕೈಯ ವಿಭೂತಿ ಬೀಳದೆ ಆ ಮನೆಯಿಂದ ಯಾವ ಗಾಡಿಯೂ ಹೊರಡುವುದಿಲ್ಲ. ದೋಣಿಯ ಮೂತಿಗೆ ಕಾಯಿ ಒಡೆದರು. ಇಂಜಿನ್ನಿಗೆ ಮೂರು ಪಟ್ಟೆ ಎಳೆದರು. ಪೆಟ್ರೋಲ್ ಡಬ್ಬಿಯ ಮುಖದಂಥ ಗುಂಡನೆಯ ಕರಿ ಮುಚ್ಚಳ ಕಂಡು, “ಇದ ನೋಡ, ಮಾರಿ ಇದ್ದಂಗೈತಿ,” ಎಂದು ಅದಕ್ಕೂ ದಪ್ಪಗೆ ಮೂರು ಪಟ್ಟೆ, ನಡುವೆ ಕುಂಕುಮ. ನೀರಲ್ಲಿ ಕಲಸಿದ ವಿಭೂತಿ ಒಣಗಿ ಸುಣ್ಣದಂತೆ ಹಿಡಿದುಕೊಂಡಿತು. ಆಮೇಲೆ ಪ್ರತಿ ಸಲ ದೋಣಿ ಇಳಿಸುವ ಮುನ್ನವೂ ಇದೇ ನಡೆಯುತ್ತಿತ್ತು.

ಮೊದಲ ದಿನ ಕಾಕಾನನ್ನೂ ನನ್ನನ್ನೂ ಹೊತ್ತು ದೋಣಿ ಜೋರಾಗಿಯೇ ಹೊರಟಿತು. ಅರ್ಧ ಕೆರೆಯೂ ದಾಟಿರಲಿಲ್ಲ, ಇಂಜಿನ್ನಿನ ದನಿ ತೆಳ್ಳಗಾಯಿತು, ಬಿಕ್ಕಿತು. ಎತ್ತಿದ್ದ ದೋಣಿಯ ಮೂತಿ ಮೆಲ್ಲಗೆ ನೀರಿಗೆ ಇಳಿಯಿತು. ಕಾಕಾ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ನೋಡಿದರು. ಇತ್ತು. ಮುಚ್ಚಿ, ಒಂದಿಷ್ಟು ಹೊತ್ತು ಬಿಟ್ಟು ಇಂಜಿನ್ನಿನ ಹಗ್ಗ ಎಳೆದರೆ ಏನೂ ಆಗದಂತೆ ಚಾಲೂ ಆಯಿತು. ಇನ್ನೊಂದಿಷ್ಟು ದೂರ ಹೋಗಿ ಮತ್ತೆ ಬಿಕ್ಕಿತು. “ವಯಸ್ಸಾಗೇತಿ, ದಮ್ಮ ಹತ್ತತೈತಿ. ದಣುವಾರಿಸಿಕೊಂಡ್ರ ನಡಿತೈತಿ,” ಎಂದು ಕಾಕಾ ತೀರ್ಮಾನಿಸಿದರು. ಆ ದಿನ ನಾವು ಹಾಗೆ ದಣಿವಾರಿಸಿಕೊಳ್ಳುತ್ತಲೇ ಹಿಂದಿರುಗಿದೆವು.

ನಂತರ ಶುರುವಾದದ್ದು ಕಾಕಾನ ತನಿಖೆ. ನೀರೊಳಗೆ ತಿರುಗುವ ಫ್ಯಾನಿಗೆ ಜೊಂಡು ಸುತ್ತಿದೆಯೇ ನೋಡಿದರು, ಇರಲಿಲ್ಲ. ಪೆಟ್ರೋಲಿನಲ್ಲಿ ನೀರು ಸೇರಿರಬಹುದೆಂದು ಎಲ್ಲ ಚೆಲ್ಲಿ ಹೊಸದು ಹಾಕಿದರು. ಪ್ಲಗ್ ಉಜ್ಜಿದರು. ಯಾವುದಕ್ಕೂ ಇಂಜಿನ್ ಬಗ್ಗಲಿಲ್ಲ. ಕೊನೆಗೆ ಇಂಜಿನ್ ಒಂದನ್ನೇ ಬಿಚ್ಚಿ, ಗೋಣಿತಟ್ಟಿನಲ್ಲಿ ಸುತ್ತಿ, ವಿಜಯಪುರಕ್ಕೆ ತಂದರು. ಸೊಲ್ಲಾಪುರ ರಸ್ತೆಯ ಗ್ಯಾರೇಜಿಗೆ ನಾನೂ ಹೋಗಿದ್ದೆ. ಮೆಕ್ಯಾನಿಕ್ ಕಾರ್ಬೊರೇಟರ್ ತೊಳೆದು, ಇಂಜಿನ್ನನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟು, ತನ್ನ ಬಾಟಲಿಯಿಂದ ಪೆಟ್ರೋಲ್ ಕೊಟ್ಟು ಓಡಿಸಿದ. ನಾವು ಚಹಾ ಕುಡಿದು ಮುಗಿಸಿದರೂ ಅದು ಒಂದೇ ದನಿಯಲ್ಲಿ ಗುಡುಗುತ್ತಿತ್ತು.

“ಇಂಜಿನ್ ಇನ್ನೂ ಜವಾನ ಐತ್ರಿ ಕಾಕಾರ. ನಿಮ್ಮ ಕೆರಿ ಕಂಡ ಹೆದರತೈತಿ,” ಎಂದು ಅವನು ನಕ್ಕ.

ಕೆರೆಗೆ ಒಯ್ದರೆ ಮತ್ತೆ ಅದೇ ಕಥೆ. “ಊರಾಗ ಶಾಣ್ಯಾ, ನೀರಾಗ ಮಂಗ್ಯಾ,” ಎಂದು ಕಾಕಾ ಇಂಜಿನ್ನಿನ ತಲೆಗೆ ಒಂದು ಹೊಡೆದರು.

ದಂಡೆಯಲ್ಲಿ ಕಾಯುತ್ತಿದ್ದ ಕಾಕು ಆವತ್ತು ಕರಾರು ಹಾಕಿದರು. “ಎಳ್ಳ ಅಮವಾಸಿಗೆ ಚರಗಾ ಚೆಲ್ಲಾಕ ಆಚಿ ಹೊಲಕ್ಕ ಹೋಗೂದೈತೆಲ್ಲ. ನಮ್ಮನ್ನೆಲ್ಲಾ ಕೂಡಿಸಿಕೊಂಡು ದಾಟಸ್ರಿ. ನಟ್ಟನಡುವ ಸತ್ತು ನಿಂತತಂದ್ರ ಮರುದಿನಾನ ದೋಣಿ ಮಾರಿ ಕೈ ತೊಳಕೋಬೇಕ.”

“ಆತ,” ಎಂದರು ಕಾಕಾ. ಎಲ್ಲರೆದುರು ಹೇಳಿದ ಮಾತು.

ಅಮಾವಾಸ್ಯೆಯ ದಿನ ದೋಣಿಯಲ್ಲಿ ಐದು ಜನ: ಕಾಕಾ, ಕಾಕು, ಅಪ್ಪ, ಅವ್ವ, ನಾನು. ಜೊತೆಗೆ, ಬೆಳೆಗೆ ಚರಗವೆಂದು ಚೆಲ್ಲಿ ಮಿಕ್ಕದ್ದನ್ನು ಉಣ್ಣಲು, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಸೊಪ್ಪು-ಕಾಳು ಕೂಡಿಸಿ ಬೇಯಿಸಿದ ಭಜ್ಜಿಯ ದೊಡ್ಡ ಡಬ್ಬಿ. ಎಲ್ಲರಿಗೂ ಕಿತ್ತಳೆ ಜಾಕೀಟು. ಅವ್ವ ಇಳಕಲ್ ಸೀರೆಯ ಮೇಲೆ ಅದನ್ನು ತೊಟ್ಟು, “ರಸ್ತೆ ಕೆಲಸದ ಮಂದಿ ಕಂಡಂಗ ಕಾಣಾಕತ್ತೇವಿ,” ಎಂದಳು. ಕಾಕು ವಿಭೂತಿ ಹಚ್ಚಿದರು, ಹೊರಟೆವು.

ನಡುಗೆರೆಯಲ್ಲಿ ದನಿ ತೆಳ್ಳಗಾಯಿತು.

“ಬಂತ ನೋಡಪಾ ಇದಕ್ಕ ದಮ್ಮ,” ಎಂದ ಅಪ್ಪ.

ಕಾಕಾ ಅಪ್ಪನ ಕಡೆ ತಿರುಗಲೂ ಇಲ್ಲ. “ಇವತ್ತೊಂದ ದಿನ ನಡಿಯೋ ಯಪ್ಪಾ, ಇವತ್ತೊಂದ ದಿನ,” ಎಂದು ಇಂಜಿನ್ನಿಗೇ ಕೈಮುಗಿಯುವುದೊಂದು ಬಾಕಿ. ನನ್ನ ಕಾಲ ಬಳಿ ರಬ್ಬರ್ ಚೆಂಡು ಹೀರಿ ಬಿಸಾಕಿದ ಮಾವಿನ ಹಣ್ಣಿನಂತೆ ಒಳಕ್ಕೆ ಚಪ್ಪಟೆಯಾಗಿತ್ತು. ಹಿಚುಕಿದರೆ ಮತ್ತೆ ಉಬ್ಬಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಇಂಜಿನ್ ನಿಂತೇ ಹೋಯಿತು.

ಕಾಕಾ ಎಂದಿನಂತೆ ಮುಚ್ಚಳ ತಿರುವಿದರು. ಸೋಡಾ ಬಾಟಲಿ ತೆಗೆದಂತೆ ‘ಸ್ಸ್’ ಎಂದಿತು. ಚೆಂಡು ತುತ್ತು ತುಂಬಿದ ಕೆನ್ನೆಯಂತೆ ಉಬ್ಬಿತು. ಎರಡೂ ಒಟ್ಟಿಗೇ ಆದವು ಎಂದು ನಾನು ನಂಬಿದ್ದೇನೆ. ಆ ಮೌನದಲ್ಲಿ ಒಂದು ದನಿ ಕೇಳಿತು: “ಮುಚ್ಚಳಾ ಬಿಗಿ ಮಾಡಬ್ಯಾಡ್ರಿ, ಸಡ್ಲ ಬಿಡ್ರಿ.”

ಕಾಕಾ ಸಡಿಲ ಬಿಟ್ಟರು, ಹಗ್ಗ ಎಳೆದರು. ದೋಣಿ ಮೂತಿ ಎತ್ತಿ ಓಡಿತು. ಆಚೆ ದಂಡೆ ಮುಟ್ಟುವವರೆಗೆ ಒಂದು ಬಿಕ್ಕೂ ಇಲ್ಲ. ಕಾಕಾ ಕೂಗಿದ ಕೂಗಿಗೆ ಹೊಲದಲ್ಲಿದ್ದ ಎತ್ತುಗಳು ತಲೆ ಎತ್ತಿ ನೋಡಿದವು.

ಇಳಿದ ಮೇಲೆ ಮುಚ್ಚಳ ಕೈಗೆತ್ತಿಕೊಂಡು ನೋಡಿದೆವು. ನಡುವೆ ಸಾಸಿವೆಯಷ್ಟು ತೂತು, ಅದರ ತುಂಬ ಗಟ್ಟಿ ವಿಭೂತಿ. ಅವ್ವನ ಪಿನ್ನಿನಿಂದ ಚುಚ್ಚಿ ತೆಗೆದೆ. ಡಬ್ಬಿಯಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದು ಬರುವ ದಾರಿಯನ್ನೇ ನಾವು ಭಕ್ತಿಯಿಂದ ಮುಚ್ಚಿದ್ದೆವು. ಪ್ರತಿ ಸಲ ಪೆಟ್ರೋಲ್ ನೋಡಲು ಮುಚ್ಚಳ ತೆಗೆದಾಗ ಗಾಳಿ ಒಳಗೆ ಹೋಗುತ್ತಿತ್ತು. ನಾವು ಮಾತ್ರ ಇಂಜಿನ್ ದಣಿವಾರಿಸಿಕೊಂಡಿತು ಎಂದುಕೊಳ್ಳುತ್ತಿದ್ದೆವು. ಮೆಕ್ಯಾನಿಕ್‌ನ ಬಾಟಲಿಗಂತೂ ಯಾರೂ ಪೂಜೆ ಮಾಡಿರಲಿಲ್ಲ.

“ನಿನ್ನ ವಿಭೂತಿ ಅದರ ಮೂಗ ಮುಚ್ಚಿತ್ತ ಬೇ!” ಎಂದರು ಕಾಕಾ.

“ನಿಮ್ಮ ದೋಣಿ ಮೂಗ ಎಲ್ಲೈತಿ ಅನ್ನೂದು ನಿಮಗ ಗೊತ್ತಿರಬೇಕಿಲ್ಲೋ? ಊಟಕ್ಕ ಬರ್ರಿ,” ಎಂದರು ಕಾಕು. ನಡುವೆ ನಿಂತರೆ ಮಾರಬೇಕೆಂಬ ಕರಾರನ್ನು ಅವರು ಮತ್ತೆ ಎತ್ತಲಿಲ್ಲ, ದೋಣಿ ಮನೆಯಲ್ಲೇ ಉಳಿಯಿತು.

ಸಡಿಲ ಬಿಡಿ ಎಂದದ್ದು ಯಾರು? ಅದು ತನಗೇ ಹೊಳೆದದ್ದು ಎಂದು ಕಾಕಾ ಇಂದಿಗೂ ಹೇಳುತ್ತಾರೆ. ನಾನು ಬಹಳ ದಿನ ಅದು ನನ್ನ ಮಾತೆಂದೇ ತಿಳಿದಿದ್ದೆ, ಗೆಳತಿಯರ ಮುಂದೆ ಹಾಗೇ ಹೇಳಿಕೊಂಡೂ ಇದ್ದೆ. ನೆನಪಿನಲ್ಲಿ ಇರುವುದು ಹೆಣ್ಣುದನಿ, ಅಷ್ಟು ಖಚಿತ.

ಮರುವರ್ಷ ದ್ರಾಕ್ಷಿಗೆ ಔಷಧ ಹೊಡೆಯುವ ಕಾಲದಲ್ಲಿ ಹೊನವಾಡಕ್ಕೆ ಹೋಗಿದ್ದೆ. ಬೆನ್ನಿಗೆ ಪಂಪು ಕಟ್ಟಿಕೊಂಡ ಆಳಿಗೆ ಕಾಕು ಗದರುತ್ತಿದ್ದರು. “ಮುಚ್ಚಳದ ತೂತಿಗೆ ರಾಡಿ ಮೆತ್ತೇತಿ ನೋಡೋ. ಒಳಗ ಗಾಳಿ ಹೋಗಲಿಲ್ಲಂದ್ರ ಪಂಪ ಹೆಂಗ ಎಳಿಬೇಕ?”

“ಆತ್ರಿ ಅವ್ವಾರ. ನಾ ಕೆಲಸಕ್ಕ ಬಂದ ಹತ್ತ ವರ್ಷಾತ, ವರ್ಷಾ ವರ್ಷಾ ಇದನ್ನ ಹೇಳ್ತೀರಿ,” ಎಂದ ಅವನು.

ನಾನು ಬಳ್ಳಿಗಳ ನಡುವೆ ಹಾಗೇ ನಿಂತೆ. ಆ ದನಿ ನನಗೆ ಗೊತ್ತಿತ್ತು. ಅಥವಾ ಆ ಕ್ಷಣದಲ್ಲೇ ನನ್ನ ನೆನಪು ಅದನ್ನು ತೆಗೆದು ದೋಣಿಯೊಳಗೆ ಕೂರಿಸಿತೋ ಏನೋ.

ಕಾಕುವನ್ನು ಎರಡು ಸಲ ಕೇಳಿದ್ದೇನೆ. ಮೊದಲ ಸಲ, ಒಲೆಯ ಮೇಲೆ ಹಾಲು ಉಕ್ಕಾಕತ್ತೈತಿ ಎಂದು ಎದ್ದು ಹೋದರು. ಎರಡನೆಯ ಸಲ ಈ ವರ್ಷದ ಎಳ್ಳ ಅಮಾವಾಸ್ಯೆಗೆ, ಕೆರೆಯ ದಂಡೆಯಲ್ಲಿ. ಅವರು ಡಬ್ಬಿಯ ಹೊಟ್ಟೆಗೆ ವಿಭೂತಿ ಹಚ್ಚುತ್ತಿದ್ದರು, ಮುಚ್ಚಳ ಮುಟ್ಟದೆ. ಕಾಕಾ ದೂರದಲ್ಲಿ ಜಾಕೀಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ನಾನು ಬಗ್ಗಿ ಮೆಲ್ಲಗೆ ಕೇಳಿದೆ:

“ಕಾಕು, ಖರೇ ಹೇಳ್ರಿ, ಆ ತೂತ ನಿಮಗ ಮೊದಲಿಂದಾನೂ ಗೊತ್ತಿತ್ತೇನ್ರಿ?”

“ಬಿಗಿ ಮಾಡಬ್ಯಾಡವಾ, ಸಡ್ಲ ಬಿಡ,” ಎಂದು ಕಾಕು ನಕ್ಕು, ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ನನ್ನ ಹಣೆಗೆ ಎಳೆದರು.