‘ಅವರು’ ಹೋಗಿ ‘ನೀ’ ಬಂದದ್ದು

ಹೊಸ ಕಾರಿನ ವಾಸನೆ ಎಲ್ಲ ದೇಶದಲ್ಲೂ ಒಂದೇ ನೋಡಿ. ಅಡಿಲೇಡಿನ ಕಿಲ್ಬರ್ನ್‌ನಲ್ಲಿ ನಮ್ಮ ಮನೆ ಮುಂದೆ ನಿಂತಿರುವ ಎಲೆಕ್ಟ್ರಿಕ್ ಕಾರು ಚೀನಾದ್ದು. ಬಾಗಿಲು ತೆಗೆದರೆ ಚಪ್ಪಲಿ ಅಂಗಡಿಯ ಘಮ. ನೋಡಲು ಬಂದ ಗೆಳೆಯ ಮಂಜು ಒಳಗೆ ಕೂರಲು ಅನುಮಾನಿಸಿದ. “ಹುಷಾರು ಕಣೋ, ನಾವು ಮಾತಾಡೋದೆಲ್ಲ ಅವ್ರು ಕೇಳಿಸ್ಕೋತಾರಂತೆ,” ಎಂದ. ಕೇಳಿಸಿಕೊಳ್ಳಲಿ ಬಿಡಿ. ಮನೆಯಲ್ಲಂತೂ ನನ್ನ ಮಾತು ಕೇಳುವವರಿಲ್ಲ. ಮಗಳಿಗೆ ಕನ್ನಡದಲ್ಲಿ ಹೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ, ಅದೂ ಬಂದರೆ.

ಆದರೆ ಮಂಜು ಹೇಳಿದ ಆ ‘ಅವರು’ ನನಗೆ ಹಳೆಯ ಪರಿಚಯ. ಪರ್ತ್‌ನ ಬೆಂಟ್ಲಿಯಲ್ಲಿ ಓದುತ್ತಿದ್ದಾಗ ನಾನೂ, ಚೀನಾದಿಂದ ಬಂದ ಲಿನ್ ಎಂಬ ಹುಡುಗಿಯೂ ಕೀತ್ ಎಂಬ ಮುದುಕನ ಮನೆಯಲ್ಲಿ ಒಂದೊಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಕೀತ್ ಫ್ರೀಮ್ಯಾಂಟಲ್ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು. ಅವನ ಟೀವಿಯಲ್ಲಿ ಸದಾ ಚೀನಾ ಮತ್ತು ಅಮೆರಿಕ. ಒಂದು ಸಂಜೆ ಸುಂಕದ ಜಗಳ, ಇನ್ನೊಂದು ಸಂಜೆ ಸಮುದ್ರದ್ದು. ಅವರು ಬೆಳೆದುಬಿಟ್ಟರು, ಅವರು ಬಂದೇ ಬರುತ್ತಾರೆ, ಅಮೆರಿಕ ಕೈಬಿಟ್ಟರೆ ನಮ್ಮ ಗತಿಯೇನು ಎಂದು ಟೀ ಹೀರುತ್ತಾ ಕೊರಗುತ್ತಿದ್ದ. ಆ ಟೀ ಕಪ್ಪು, ಕೂತ ಕುರ್ಚಿ, ಬೈಯುತ್ತಿದ್ದ ಟೀವಿ ಎಲ್ಲವೂ ಚೀನಾದಿಂದ ಅವನ ಬಂದರಿಗೇ ಬಂದಿಳಿದ ಮಾಲು. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಹೆದರಿಕೆ ಇನ್ನೂ ಹೆಚ್ಚೇನೋ.

ಕೆಟ್ಟ ಮನುಷ್ಯನಲ್ಲ. ಆದರೆ ಲಿನ್ ಎದುರಿಗೇ ಕೂತಿದ್ದರೂ, ಅವರು ಕುರಿ ಮಾಂಸ ತಿನ್ನುತ್ತಾರಾ, ಅವರಿಗೆ ಈ ಬಿಸಿಲು ಆಗುತ್ತಾ ಎಂದು ನನ್ನನ್ನು ಕೇಳುತ್ತಿದ್ದ. ಮಾಂಸ ಮುಟ್ಟದ ಮೈಸೂರಿನ ಪುಳಿಚಾರು ನಾನು, ಚೀನಾ ದೇಶದ ವಕ್ತಾರನಾಗಿ ಕೂತಿದ್ದೆ. ಕಡೆಗೊಂದು ದಿನ ಲಿನ್, ಸೆಮಿಸ್ಟರ್ ಮುಗಿದ ಕೂಡಲೇ ಮನೆ ಬಿಡುತ್ತೇನೆ ಎಂದಳು. “ಬೈದಿದ್ರೆ ಜಗಳ ಆಡಬಹುದಿತ್ತು. ನಾನು ಇಲ್ಲೇ ಇಲ್ವೇನೋ ಅನ್ನೋ ಹಾಗೆ ಮಾತಾಡ್ತಾನೆ.” ನನಗೆ ಬಹಳ ಸಂಕಟವಾಯಿತು. ಆ ಊರಿನಲ್ಲಿ ದಿನಾ ನನ್ನನ್ನು ಊಟ ಆಯ್ತಾ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಚೀನಾದಲ್ಲೂ ಹಾಗೇ ಕೇಳುತ್ತಾರಂತೆ. ಆ ಒಂದು ಮಾತನ್ನು ಮಾತ್ರ ಕನ್ನಡದಲ್ಲೇ ಹೇಳಲು ಆಸೆಪಟ್ಟು ಕಲಿತಿದ್ದಳು.

ಆ ಭಾನುವಾರ ಹಿತ್ತಲಲ್ಲಿ ಕೀತ್‌ನ ಬಾರ್ಬಿ, ಅಂದರೆ ಬಾರ್ಬೆಕ್ಯೂ. ಅವನು ಕೆಂಡದ ಮೇಲೆ ಸಾಸೇಜ್ ಸುಡುತ್ತಿದ್ದ. ನಾನು ನನ್ನ ಪಾಲಿನ ಜೋಳದ ತೆನೆ ಕಾಯುತ್ತಿದ್ದೆ. ಮೈಸೂರಿನಿಂದ ತಂಗಿಯ ಫೋನು ಬಂತು. ನಾನು ವಾಡಿಕೆಯಂತೆ “ನೀ ಹೇಳು, ನೀ ಹೇಳು” ಎನ್ನುತ್ತಿದ್ದರೆ ಲಿನ್ ತಟ್ಟೆ ಹಿಡಿದು ಬಂದು ನಿಂತು, ಏನು, ಕರೆದೆಯಲ್ಲ ಎಂದಳು. ಅವರ ಭಾಷೆಯಲ್ಲೂ ‘ನೀ’ ಎಂದರೆ ನೀನೇ! ಗೌರವ ಕೊಡಬೇಕಾದರೆ ‘ನಿನ್’ ಎನ್ನುತ್ತಾರಂತೆ. ನಾನು ಅಜ್ಜನಿಗೆ ‘ನಿನ್ನ’ ಎಂದಿದ್ದರೆ ಕೆನ್ನೆ ಊದುತ್ತಿತ್ತು ಎಂದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಕೀತ್‌ಗೆ ಕುತೂಹಲ ತಡೆಯಲಾಗಲಿಲ್ಲ. ವಿಷಯ ತಿಳಿಸಿದೆ. ಇಬ್ಬರಿಗೂ ಒಂದೇ ಪದವಾ ಎಂದು ಎರಡು ಸಲ ಕೇಳಿದ. ಆಮೇಲೆ ಸಾಸೇಜ್ ಎತ್ತಿಕೊಂಡು, ಅಭ್ಯಾಸದಂತೆ ನನ್ನ ಕಡೆ ತಿರುಗಿ, ‘ಅವರಿಗೆ’ ಎಂದು ಬಾಯಿ ತೆರೆದವನು ಅರ್ಧಕ್ಕೇ ಮಾತು ಬದಲಿಸಿದ. ಲಿನ್ ಕಡೆ ತಿರುಗಿ ಇಕ್ಕಳ ಚಾಚಿದ.

“ನೀ?”

ಲಿನ್ ತಟ್ಟೆ ಒಡ್ಡಿದಳು. ನಾನೆಂದರೆ ಹೆದರಿಕೆಯಾ ಎಂದು ಕೇಳಿಯೂಬಿಟ್ಟಳು. “ನಿನ್ನ ಕಂಡ್ರಲ್ಲ. ಟೀವೀಲಿ ಬರೋರನ್ನ ಕಂಡ್ರೆ,” ಎಂದ ಕೀತ್. ತನಗೂ ಅಷ್ಟೇ ಎಂದಳು ಲಿನ್. ಒಂದು ಸಾಸೇಜಿಗೆ ಚೀನಾ, ಅಮೆರಿಕ ರಾಜಿಯಾಗಲಿಲ್ಲ. ಟೀವಿಯ ಕೂಗಾಟವೂ ನಿಲ್ಲಲಿಲ್ಲ. ಆದರೆ ಲಿನ್ ಓದು ಮುಗಿಯುವವರೆಗೂ ಆ ಮನೆ ಬಿಡಲಿಲ್ಲ.

ಈಗವಳು ಬ್ರಿಸ್ಬೇನ್‌ನಲ್ಲಿದ್ದಾಳೆ. ಮೊನ್ನೆ ಮಂಜುವನ್ನು ಬಲವಂತವಾಗಿ ಕಾರಿನಲ್ಲಿ ಕೂರಿಸಿ, ಅವನಿಗೆ ಹೇಳದೆ ಅವಳಿಗೆ ಫೋನು ಹಚ್ಚಿದೆ. ಸ್ಪೀಕರಿನಲ್ಲಿ ಅವಳ ದನಿ ಕಾರಿನ ತುಂಬ ಬಂತು: “ನೀ! ಊಟ ಆಯ್ತಾ?”

ಮಂಜು ಬೆಚ್ಚಿ ಡ್ಯಾಶ್‌ಬೋರ್ಡನ್ನೇ ನೋಡಿದ. ನಾನು ಬೇಕೆಂದೇ ಸುಮ್ಮನಿದ್ದೆ. ಕೇಳಿದವರಿಗೆ ಉತ್ತರ ಕೊಡದೆ ಇರುವುದು ಅವನಿಂದ ಆಗುವ ಕೆಲಸವಲ್ಲ. ಸ್ವಲ್ಪ ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದ:

“ಆಯ್ತು. ನೀ?”