ಜನವರಿ ಒಂದರಲ್ಲೇ ನಿಂತ ಬೋರ್ಡು

ಹಳೆಯ ಕಂಪ್ಯೂಟರ್ ಬಿಡಿಭಾಗಗಳು ಮಾರಾಟವಾಗುವ ಆ ಓಣಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ; ಸ್ಕೋರಪ್ಪ ಎಂದರೆ ಸಾಕಿತ್ತು. ಜನ ಬಳಸಿ ಬಿಟ್ಟ ಪ್ರೊಸೆಸರುಗಳಲ್ಲಿ ಯಾವುದು ಚುರುಕು, ಯಾವುದು ಮಂಕು ಎಂದು ತೀರ್ಪು ಕೊಡುವುದು ಅವರ ಕಸುಬು. ಮೇಜಿನ ಮೇಲೆ ಮೈಗೆ ಡಬ್ಬದ ಹೊದಿಕೆಯೂ ಇಲ್ಲದೆ ಒಂದು ಮದರ್‌ಬೋರ್ಡು ಮಲಗಿರುತ್ತಿತ್ತು. ಬಂದ ಪ್ರೊಸೆಸರುಗಳನ್ನೆಲ್ಲ ಅದರ ಮೇಲೇ ಕೂರಿಸಿ, ಎಲ್ಲದರ ಕೈಲೂ ಒಂದೇ ಉದ್ದನೆಯ ಲೆಕ್ಕ ಮಾಡಿಸಿ, ಎಷ್ಟು ಸೆಕೆಂಡು ತೆಗೆದುಕೊಂಡಿತೆಂದು ಚೀಟಿ ಅಂಟಿಸುತ್ತಿದ್ದರು. ಒಂದೇ ಬೋರ್ಡು, ಒಂದೇ ನ್ಯಾಯ. ಸ್ಕೋರಪ್ಪನವರ ಚೀಟಿಯ ಮೇಲೆ ಮೇಲ್ಮನವಿ ಇರಲಿಲ್ಲ.

ಐವತ್ತಾರು ದಾಟಿದ ಮೇಲೆ ಅವರಲ್ಲೇ ಮಂಕು ಕವಿಯತೊಡಗಿತ್ತು. ಬೋರ್ಡು ಎದ್ದಾಗ ಪರದೆಯ ಮೇಲೆ ಏನೇನೋ ಸಾಲುಗಳು ಮೂಡಿ, ಕೊನೆಗೆ ಮುಂದುವರಿಯಲು ಎಫ್-ಒನ್ ಒತ್ತಿ ಎಂದು ಬಂದು ನಿಲ್ಲುತ್ತಿತ್ತು. ಒತ್ತುತ್ತಿದ್ದರು. ಓದುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಗಂಡಸಿಗೆ ಪೂರ್ತಿ ಕೇಳಿಸಿಕೊಳ್ಳದೆ ಹೂಂ ಅನ್ನುವುದು ಕಲಿಯಬೇಕಾದ ವಿದ್ಯೆಯೇನಲ್ಲ.

ಮೂರು ವಾರದ ಹಿಂದೆ ಎದುರಂಗಡಿಯವನ ಅಕ್ಕ ಬಂದಿದ್ದಳು. ಕಂಪ್ಯೂಟರು ಹೇಳಿದಂತೆ ಹೊಲಿಯುವ ಯಂತ್ರದಲ್ಲಿ ಬಟ್ಟೆಗೆ ಕಸೂತಿ ಹಾಕುವವಳು. ತನ್ನ ಹಳೆಯ ಪ್ರೊಸೆಸರನ್ನೂ, ಅದಕ್ಕಿಂತ ಚುರುಕೆಂದು ತಮ್ಮ ತಂದುಕೊಟ್ಟದ್ದನ್ನೂ ಎರಡು ಗುಂಡಿಡಬ್ಬಿಗಳಲ್ಲಿ ಹಾಕಿಕೊಂಡು ಬಂದಿದ್ದಳು. ಅವಳದ್ದು ತೊಂಬತ್ತನಾಲ್ಕು ಸೆಕೆಂಡಿಗೆ ಲೆಕ್ಕ ಮುಗಿಸಿತು. ತಮ್ಮನದು ನೂರಹತ್ತು.

ಸುದ್ದಿ ಕೇಳಿ ತಮ್ಮ ಓಡಿ ಬಂದ. "ನಿಮ್ಮ ಬೋರ್ಡಲ್ಲೇ ಏನೋ ಇದೆ ಸಾರ್. ನನ್ನ ಬೋರ್ಡಲ್ಲಿ ಕುದುರೆ ಥರ ಓಡ್ತಿತ್ತು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದರು ಸ್ಕೋರಪ್ಪ.

ಓಣಿಗೆ ಓಣಿಯೇ ನಕ್ಕಿತು. ಅಕ್ಕ ನಗಲಿಲ್ಲ. "ಒಡಹುಟ್ಟಿದವಳಿಗೇ ಟೋಪಿ ಹಾಕ್ತೀಯೇನೋ?" ಎಂದು ಅವನು ಕೊಟ್ಟಿದ್ದರ ಡಬ್ಬಿಯನ್ನು ತಮ್ಮನ ಕೌಂಟರಿನ ಮೇಲೆ ಕುಕ್ಕಿ ಹೋದವಳು ಮತ್ತೆ ಅವನ ಅಂಗಡಿಯತ್ತ ಮುಖ ಹಾಕಿರಲಿಲ್ಲ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳೇ ಅವಳು. ಈಗ ಅವನ ಫೋನನ್ನೂ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ತಂದ ಸ್ಕೋರಪ್ಪನವರ ಹೆಂಡತಿ ಪರದೆಯನ್ನು ದಿಟ್ಟಿಸಿದರು.

"ರೀ, ಇದರಲ್ಲಿ ಯಾವಾಗ ನೋಡಿದ್ರೂ ಜನವರಿ ಒಂದೇ ಇರುತ್ತಲ್ಲ?"

"ಸೆಲ್ ಸತ್ತಿದೆ, ತಾರೀಖು ಮರೆಯುತ್ತೆ. ಕ್ಯಾಲೆಂಡರ್ ನೋಡಿ ಇದೇನು ರಜಾ ಹಾಕ್ಬೇಕಾ?"

"ನನ್ನ ಹುಟ್ಟಿದ ದಿನ ನಿಮಗೂ ಮರೆಯುತ್ತೆ. ಹಾಗಂತ ಅದೊಂದನ್ನೇ ಮರೀತೀರಾ? ಮರೆವು ಬಂದ್ಮೇಲೆ ಒಂದಕ್ಕೇ ನಿಲ್ಲುತ್ತೇನ್ರೀ?"

ಎತ್ತಿದ ತುತ್ತು ಬಾಯಿಯ ಹತ್ತಿರವೇ ನಿಂತಿತು. ಎಷ್ಟೋ ತಿಂಗಳ ಮೇಲೆ ಅವರು ಪರದೆಯ ಸಾಲುಗಳನ್ನು ಓದಿದರು. ಕೈ ತೊಳೆದು, ತಮ್ಮದೇ ಡ್ರಾಯರಿನಿಂದ ಒಂದು ಪ್ರೊಸೆಸರ್ ತೆಗೆದರು. ಸಾವಿರದ ಆರುನೂರು ಮೆಗಾಹರ್ಟ್ಸ್ ವೇಗದ್ದು. ಹಳೆಯ ಚೀಟಿಯಲ್ಲಿ ಎಂಬತ್ತೆರಡು ಸೆಕೆಂಡು ಎಂದಿತ್ತು. ಬೋರ್ಡಿನ ಮೇಲೆ ಕೂರಿಸಿದರೆ ಪರದೆ ಸಾವಿರದ ಇನ್ನೂರು ಎಂದಿತು. ಲೆಕ್ಕಕ್ಕೆ ನೂರಹತ್ತು ಸೆಕೆಂಡು.

ಅಂಗಿಗುಂಡಿಗಿಂತ ತುಸು ದೊಡ್ಡದಾದ ಆ ಸೆಲ್ಲಿನ ಜೊತೆ ಬೋರ್ಡಿನ ನೆನಪೂ ಸತ್ತಿತ್ತು. ಪ್ರೊಸೆಸರ್ ಬದಲಿಸುವ ಮುನ್ನ ಪ್ರತಿ ಸಲವೂ ಗೋಡೆಯಿಂದ ಪ್ಲಗ್ಗು ಕೀಳುವ ಶಿಸ್ತು ಓಣಿಯಲ್ಲಿ ಅವರೊಬ್ಬರಿಗೇ ಇದ್ದದ್ದು. ಕಿತ್ತಾಗಲೆಲ್ಲ ಬೋರ್ಡು ತಾರೀಖಿನ ಜೊತೆಗೆ, ಯಾರನ್ನು ಎಷ್ಟು ವೇಗದಲ್ಲಿ ಓಡಿಸಬೇಕೆಂಬುದನ್ನೂ ಮರೆತು, ಯಾವುದಕ್ಕೂ ಇರಲಿ ಎಂದು ಎಲ್ಲರಿಗೂ ಒಂದೇ ನಿಧಾನದ ತಾಳ ಹಾಕುತ್ತಿತ್ತು. ಆ ತಾಳಕ್ಕೇ ಹುಟ್ಟಿದ, ಅಕ್ಕನದರಂಥ ಹಳೆಯವಕ್ಕೆ ನಷ್ಟವಿಲ್ಲ. ಚುರುಕು ತಾಳದವು ಮಾತ್ರ, ಬಾಲ ಹಿಡಿದು ಎಳೆದಂತೆ, ಅವಕ್ಕಿಂತಲೂ ಹಿಂದೆ ಬೀಳುತ್ತಿದ್ದವು. ಬೇರೆಯವರಂತೆ ಪ್ಲಗ್ಗು ಕೀಳದ ಸೋಮಾರಿಯಾಗಿದ್ದರೆ ಈ ತಪ್ಪೇ ಆಗುತ್ತಿರಲಿಲ್ಲ.

ಹೊಸ ಸೆಲ್ ಹಾಕಿ, ವೇಗ ಸರಿಪಡಿಸಿ ನೋಡಿದರು. ಎಂಬತ್ತೆರಡು. ಅರ್ಧ ಉಂಡ ಡಬ್ಬಿಯನ್ನು ಹೆಂಡತಿಯೇ ಮುಚ್ಚಿದರು; ಸ್ಕೋರಪ್ಪ ಆಗಲೇ ಎದುರಂಗಡಿಯ ಮುಂದೆ ನಿಂತಿದ್ದರು.

"ಇನ್ನೇನು ಸಾರ್?" ಎಂದ ಎದುರಂಗಡಿಯವನು. "ಉಳಿದಿರೋ ಮರ್ಯಾದೆಗೂ ಸ್ಕೋರ್ ಹಾಕ್ತೀರಾ?"

"ಅಕ್ಕ ಕುಕ್ಕಿ ಹೋದ ಆ ಡಬ್ಬಿ ಕೊಡಯ್ಯ. ನೆಲಾನೇ ಡೊಂಕಿತ್ತು."

ಅದರಲ್ಲಿದ್ದ ಪ್ರೊಸೆಸರನ್ನು ತಮ್ಮ ಬೋರ್ಡಿನ ಮೇಲೆ ಅವನ ಕಣ್ಣೆದುರಿಗೇ ಇನ್ನೊಮ್ಮೆ ಓಡಿಸಿದರು. ಎಂಬತ್ತೆರಡೇ ಬಂತು. ಅವನೇನೂ ಬೀಗಲಿಲ್ಲ. "ನನಗೆ ಆವತ್ತೇ ಗೊತ್ತಿತ್ತು ಸಾರ್. ನನಗೆ ತೋರಿಸಿ ಏನು ಬಂತು? ಅಕ್ಕಂಗೆ ಹೇಳಿ."

ಅಕ್ಕನ ಕೋಣೆ ಎರಡು ಮಹಡಿ ಮೇಲೆ. ಡಬ್ಬಿ ಹಿಡಿದು ಹತ್ತಿದ ಸ್ಕೋರಪ್ಪ ನಡುವೆ ಒಮ್ಮೆ ಮೆಟ್ಟಿಲಿನ ಕಂಬಿಗೆ ಒರಗಿ ನಿಂತರು. ಒಳಗೆ ಯಂತ್ರದ ಸೂಜಿ ಕಸೂತಿ ಹೂವಿನ ಒಂದು ಕೆಂಪು ದಳವನ್ನು ತುಂಬುತ್ತಿತ್ತು; ಅವರು ಹೇಳಿ ಮುಗಿಸುವವರೆಗೂ ಅವಳು ಅದನ್ನು ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿದಳು.

"ನೀವು ತಪ್ಪು ಬರೆದ್ರಿ ಅಣ್ಣಾ, ಅದು ಬಿಡಿ. ಅವನ ಮಾತು ಬಿಟ್ಟು ನಿಮ್ಮ ಚೀಟಿ ನಂಬಿದ್ದು ನಾನು." ಅವರು ತಂದಿದ್ದ ಡಬ್ಬಿ ತೆರೆದು ನೂರಹತ್ತರ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದಳು. "ಅವನು ಊಟ ಮಾಡಿದ್ನಾ?"

"ಕೇಳಲಿಲ್ಲವಮ್ಮ."

"ಅದನ್ನಾದ್ರೂ ಕೇಳ್ಬಾರದಿತ್ತಾ?" ಎಂದು ಬೀಗದ ಕೈ ಎತ್ತಿಕೊಂಡವಳು ಅವರಿಗಿಂತ ಮುಂಚೆ ಮೆಟ್ಟಿಲಿಳಿದಳು.

ಅವರು ಕೆಳಗೆ ಬರುವಷ್ಟರಲ್ಲಿ ಎದುರಂಗಡಿಯ ಒಳಗಿಂದ ಅಕ್ಕನ ಬೈಗುಳ ಕೇಳಿಸುತ್ತಿತ್ತು: ಮೂರು ವಾರದಲ್ಲಿ ಎಷ್ಟು ಸೊರಗಿದ್ದೀಯ, ಕನ್ನಡಿ ನೋಡ್ಕೊಂಡಿದ್ದೀಯೇನೋ ಎಂದು. ತಮ್ಮ ಏನೋ ಗೊಣಗುತ್ತಿದ್ದ.

ಸ್ಕೋರಪ್ಪ ತಮ್ಮ ದಾಖಲೆ ಪುಸ್ತಕ ತೆರೆದರು. ಯಾವ ಪುಟದಿಂದ ಸೆಲ್ ಸತ್ತಿತೆಂದು ಹುಡುಕಬೇಕಾಗಿರಲಿಲ್ಲ. ಎಂಬತ್ತೆರಡುಗಳೆಲ್ಲ ಒಂದು ದಿನದಿಂದ ನೂರಹತ್ತಾಗಿದ್ದವು. ಅಲ್ಲಿಂದೀಚೆಗೆ ನಲವತ್ತಮೂರು ತೀರ್ಪುಗಳು. ರಟ್ಟಿನ ಮೇಲೆ 'ಈ ಐದು ತಿಂಗಳ ನನ್ನ ಚೀಟಿಗಳನ್ನು ನಂಬಬೇಡಿ, ತನ್ನಿ, ಮತ್ತೆ ನೋಡಿಕೊಡುತ್ತೇನೆ' ಎಂದು ಬರೆದು ಬಾಗಿಲಿಗೆ ನೇತುಹಾಕಿದರು. ಓದಿದ ಮೊದಲ ಗಿರಾಕಿ ಹೋಗಿ, ಒಂದು ಚೀಲ ಪ್ರೊಸೆಸರುಗಳನ್ನು ಹೊತ್ತು ತಂದು ಮೇಜಿನ ಮೇಲೆ ಸುರಿದ.

ಪ್ಲಗ್ಗು ಕಿತ್ತರು. ಮೊದಲನೆಯದನ್ನು ಕೂರಿಸಿದರು. ಪ್ಲಗ್ಗು ಹಾಕಿದರು. ಬೋರ್ಡು ಇವತ್ತಿನ ತಾರೀಖು ತೋರಿಸಿ, ಯಾರನ್ನೂ ಏನನ್ನೂ ಕೇಳದೆ ತನ್ನ ಪಾಡಿಗೆ ಮುಂದುವರಿಯಿತು. ಸ್ಕೋರಪ್ಪನವರ ಬೆರಳು ಆಗಲೇ ಎಫ್-ಒನ್ ಒತ್ತಿಬಿಟ್ಟಿತ್ತು.